ಚೌಕದ ಹಾಳೆಯ ಹಿಂಬದಿ

ಸಾವಿರದ ಒಂಬೈನೂರ ನಲವತ್ತನಾಲ್ಕನೆಯ ಇಸವಿಯ ಜನವರಿ ತಿಂಗಳಲ್ಲಿ ಲೋಕದಲ್ಲಿ ನಡೆದ ಸಂಗತಿಗಳಲ್ಲೆಲ್ಲ ಅತ್ಯಂತ ಗಂಭೀರವಾದದ್ದು ಯಾವುದೆಂದರೆ, ದೊಡ್ಡಬಳ್ಳಾಪುರದ ಒಂದು ಹೈಸ್ಕೂಲಿನಲ್ಲಿ ಚೌಕದ ಹಾಳೆ ಮುಗಿದುಹೋದದ್ದು. ಅದೇ ಹೊತ್ತಿಗೆ ಯುದ್ಧವೂ ನಡೆಯುತ್ತಿತ್ತು, ನಿಜ. ಆದರೆ ಯುದ್ಧ ಮುಗಿಸಲು ಬೇಕಾದಷ್ಟು ಜನ ಇದ್ದರು. ಹಾಳೆ ಮುಗಿದದ್ದಕ್ಕೆ ಜವಾಬು ಹೇಳಬೇಕಾದವರು ಮುನಿರಾಮಯ್ಯ ಮೇಷ್ಟ್ರು ಒಬ್ಬರೇ.

ಬೀರುವಿನ ಕೆಳಗಿನ ಅರೆಯನ್ನು ಮೂರನೆಯ ಸಲ ತಡಕಿ, ಕೈಗೆ ಬಂದ ಹಳೆಯ ಭೂಪಟವೊಂದನ್ನು ಕೊಡವಿ ಅಲ್ಲೇ ಇಟ್ಟು, ಅವರು ಹೆಡ್ಮೇಷ್ಟ್ರ ಕೋಣೆಗೆ ಹೋದರು.

"ಗ್ರಾಫ್ ಹಾಳೆ ಇಲ್ಲ ಸಾರ್."

ಹೆಡ್ಮೇಷ್ಟ್ರು ತಲೆ ಎತ್ತಲಿಲ್ಲ. "ಹಾಗಾದ್ರೆ ಗ್ರಾಫು ಬಿಟ್ಬಿಡಿ."

"ಅದಕ್ಕೆ ಹನ್ನೆರಡು ಮಾರ್ಕು ಇದೆ ಸಾರ್."

"ಉಳಿದ ಎಂಬತ್ತೆಂಟರಲ್ಲಿ ನಿಮ್ಮ ಹುಡುಗರು ಎಷ್ಟು ತಗೋತಾರೆ?"

ಮುನಿರಾಮಯ್ಯ ಸುಳ್ಳು ಹೇಳುವವರಲ್ಲ. "ಚೆನ್ನಾಗಿ ಬರೆಯೋನು ಇಪ್ಪತ್ತೈದು ತಗೋಬಹುದು."

ಪಾಸಾಗಲು ಬೇಕಾದದ್ದು ಮೂವತ್ತೈದು. ಹೆಡ್ಮೇಷ್ಟ್ರು ಮನಸ್ಸಿನಲ್ಲೇ ಕೂಡಿಸಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಹಾಗಾದ್ರೆ ಬಿಡೋ ಹಾಗಿಲ್ಲ. ಹಾಳೆ ಎಲ್ಲಿಂದಾದ್ರೂ ತನ್ನಿ."

ಮುನಿರಾಮಯ್ಯನವರ ನಿಜವಾದ ವಿಷಯ ಇತಿಹಾಸ. ಗಣಿತದ ಮೇಷ್ಟ್ರು ದೀಪಾವಳಿಗೆ ನಾಲ್ಕು ದಿನ ರಜೆ ಹಾಕಿ ಬೆಂಗಳೂರಿಗೆ ಹೋದವರು, ಅಲ್ಲೊಂದು ಮಿಲಿಟರಿ ಕಚೇರಿಯಲ್ಲಿ ಕೆಲಸ ಸಿಕ್ಕಿತೆಂದು ಕಾರ್ಡು ಬರೆದು ಹಾಕಿ ಅಲ್ಲೇ ಉಳಿದುಬಿಟ್ಟಿದ್ದರು. ಆಗ ಹೆಡ್ಮೇಷ್ಟ್ರು ರಿಕಾರ್ಡು ತೆಗೆದು ನೋಡಿದರು. ಮುನಿರಾಮಯ್ಯ ಎಸ್.ಎಸ್.ಎಲ್.ಸಿ.ಯಲ್ಲಿ ಆಪ್ಷನಲ್ ಗಣಿತ ತೆಗೆದುಕೊಂಡಿದ್ದರೆಂದು ಅದರಲ್ಲಿ ಇತ್ತು. ಆ ಗಣಿತದಲ್ಲಿ ಮೊದಲ ಸಲ ಡುಮ್ಕಿ ಹೊಡೆದಿದ್ದರೆಂದು ಇರಲಿಲ್ಲ. ಹೀಗಾಗಿ ನವೆಂಬರಿನಿಂದ ಅವರು ಬೆಳಿಗ್ಗೆ ತಾವು ಕಲಿತದ್ದನ್ನು ಮಧ್ಯಾಹ್ನ ಮಕ್ಕಳಿಗೆ ಕಲಿಸುತ್ತಿದ್ದರು. ನಡುವೆ ಊಟ. ಊಟ ಸ್ವಲ್ಪ ಭಾರವಾದ ದಿನ ಒಂದೆರಡು ಹಂತ ಮರೆತುಹೋಗುತ್ತಿದ್ದವು.

ಆಪ್ಷನಲ್ ಗಣಿತದ ತರಗತಿಯಲ್ಲಿ ಇದ್ದವರು ನಾಲ್ಕು ಜನ. ಹಿಂದಿನ ವರ್ಷ ಆರು ಜನ ಕೂತು, ಆರೂ ಜನ ಬಹಳ ಒಗ್ಗಟ್ಟಿನಿಂದ ಫೇಲಾಗಿದ್ದರು. ಈ ನಾಲ್ವರಲ್ಲಿ ಶಾನುಭೋಗರ ಮಗ ಅಪ್ಪನ ಮಾತಿಗೆ ಬಂದಿದ್ದ. ಅಂಚೆ ಗುಮಾಸ್ತರ ಮಗ ಶಾನುಭೋಗರ ಮಗ ಬಂದಿದ್ದಾನೆಂದು ಬಂದಿದ್ದ. ಬಾಶೆಟ್ಟಿಹಳ್ಳಿಯಿಂದ ದಿನಾ ನಡೆದು ಬರುತ್ತಿದ್ದ ಚಿಕ್ಕಬೀರಪ್ಪನನ್ನು ಯಾಕೆ ತಗೊಂಡೆಯೋ ಎಂದು ಕೇಳಿದರೆ, "ಈ ಕ್ಲಾಸು ನೆಳ್ಳಲ್ಲೈತೆ ಸಾ" ಎನ್ನುತ್ತಿದ್ದ. ನಿಜವಾಗಿ ಗಣಿತ ಬೇಕಾಗಿದ್ದವನು ಒಬ್ಬನೇ, ನೇಕಾರರ ಅಪ್ಪಯ್ಯಣ್ಣನ ಮಗ ರಾಮಾಂಜಿನಪ್ಪ.

ಅವನಿಗೆ ಓವರ್‌ಸಿಯರ್ ಕೋರ್ಸಿಗೆ ಸೇರುವ ಆಸೆ. ಕೆರೆ ಏರಿ ರಿಪೇರಿಗೆ ಬಂದಿದ್ದ ಓವರ್‌ಸಿಯರೊಬ್ಬರು ಮೂರು ಕಾಲಿನ ಮೇಲೆ ದುರ್ಬೀನಿಟ್ಟು ಒಂದು ಕಣ್ಣು ಮುಚ್ಚಿ ನೋಡುವುದನ್ನು ಏಳನೆಯ ವಯಸ್ಸಿನಲ್ಲಿ ಕಂಡವನು, ಹದಿನೇಳಾದರೂ ಅದನ್ನು ಮರೆತಿರಲಿಲ್ಲ. ಆ ಕೋರ್ಸಿಗೆ ಆಪ್ಷನಲ್ ಗಣಿತ ಪಾಸಾಗಿರಬೇಕಾಗಿತ್ತು. ಅಪ್ಪಯ್ಯಣ್ಣ ಅಡ್ಡ ಬಂದಿರಲಿಲ್ಲ, ಒಂದು ಕರಾರು ಹಾಕಿದ್ದ, ಅಷ್ಟೆ. ಮನೆಯಲ್ಲಿ ಎರಡು ಮಗ್ಗ. ಒಂದರಲ್ಲಿ ಅವನು ಕೂರುತ್ತಿದ್ದ, ಇನ್ನೊಂದು ಖಾಲಿ. "ಪಾಸಾದ್ರೆ ಹೋಗು. ಆಗ್ಲಿಲ್ವಾ, ಫಲಿತಾಂಶ ಬಂದ ಮಾರನೇ ದಿವಸ ಆ ಮಗ್ಗದಾಗೆ ಕೂತ್ಕೋ. ಎರಡನೇ ಸಲ ಕಟ್ತೀನಿ, ಮೂರನೇ ಸಲ ಕಟ್ತೀನಿ ಅನ್ನಂಗಿಲ್ಲ." ರಾಮಾಂಜಿನಪ್ಪ ದಿನಾ ಪುಸ್ತಕ ಹಿಡಿದು ಕೂರುತ್ತಿದ್ದದ್ದು ಆ ಖಾಲಿ ಮಗ್ಗದ ಎದುರಿಗೇ. ಮನೆಯಲ್ಲಿ ಬೇರೆ ಜಾಗ ಇರಲಿಲ್ಲ.

ಹಾಳೆಯ ಸಮಸ್ಯೆ ಬಗೆಹರಿಸಿದವನು ಅವನೇ. ಮಾರನೆಯ ದಿನ ಒಂದು ಸುರುಳಿ ತಂದು ಮೇಜಿನ ಮೇಲೆ ಬಿಡಿಸಿದ. ಸಣ್ಣಸಣ್ಣ ಚೌಕ ಹೊಡೆದ, ಅಚ್ಚುಕಟ್ಟಾದ ಹಾಳೆಗಳು, ಹಾಲಿನ ಕೆನೆಯ ಬಣ್ಣದವು.

"ಎಲ್ಲಿ ಸಿಕ್ತೋ ಇದು?"

"ಮನೇದು ಸಾ. ಅಪ್ಪ ಸೀರೆ ಅಂಚಿಗೆ ಗಿಳಿ, ಹಂಸ ಬರೆಯೋದು ಇದರಾಗೇ. ಒಂದೊಂದು ಚೌಕಕ್ಕೆ ಒಂದೊಂದು ಎಳೆ. ಈಗ ನೂಲಿಗೆ ಕಂಟ್ರೋಲು ಬಂದು ಗಿಳಿ ಹಂಸ ಎಲ್ಲ ನಿಂತೋಗೈತೆ, ಬರೀ ಗೆರೆ ಅಂಚು. ತಗೊಂಡೋಗು ಅಂದ."

ಮುನಿರಾಮಯ್ಯ ಆ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದರು. ಸರ್ಕಾರದ ಬೀರುವಿನಲ್ಲಿ ಇಲ್ಲದ್ದು ಅಪ್ಪಯ್ಯಣ್ಣನ ಅಟ್ಟದ ಮೇಲೆ ಇತ್ತು.

ಮೊದಲ ವಾರ ಎಲ್ಲವೂ ಚೆನ್ನಾಗಿ ನಡೆಯಿತು. ಎಕ್ಸ್ ವರ್ಗದ ಗ್ರಾಫು ಕೊಟ್ಟರು. ನಾಲ್ವರೂ ತೊಟ್ಟಿಲಿನಂಥ ಗೆರೆ ಎಳೆದು ತಂದರು. ಎಕ್ಸ್ ವರ್ಗದಿಂದ ನಾಲ್ಕು ಕಳೆದದ್ದನ್ನು ಕೊಟ್ಟರು. ಅದೇ ತೊಟ್ಟಿಲು ನಾಲ್ಕು ಮನೆ ಕೆಳಗಿಳಿದು ಬಂತು. ಮುನಿರಾಮಯ್ಯ ಆ ಸಂಜೆ ಮನೆಗೆ ಹೋಗುವಾಗ ಕಡಲೆಪುರಿ ಕೊಂಡರು. ಇತಿಹಾಸದ ಮೇಷ್ಟ್ರೊಬ್ಬರು ಗಣಿತದಲ್ಲಿ ಗಳಿಸಿದ ಮೊದಲ ಜಯ ಅದು.

ಎರಡನೆಯ ವಾರ ಎಕ್ಸ್ ವರ್ಗ, ಅದರಿಂದ ಐದು ಎಕ್ಸ್ ಕಳೆದು ಆರು ಕೂಡಿಸಿದ ಸಮೀಕರಣ ಕೊಟ್ಟರು. ಗೆರೆ ಅಡ್ಡ ರೇಖೆಯನ್ನು ಎಲ್ಲಿ ಮುಟ್ಟುತ್ತದೋ ಅದೇ ಉತ್ತರ. ಎರಡು ಮತ್ತು ಮೂರು ಬರಬೇಕು. ನಾಲ್ವರೂ ತಂದದ್ದು ಮೈನಸ್ ಎರಡು, ಮೈನಸ್ ಮೂರು.

ಒಬ್ಬ ತಪ್ಪು ಮಾಡಿದ್ದರೆ ಮೇಷ್ಟ್ರು ಕಿವಿ ಹಿಂಡುತ್ತಿದ್ದರು. ನಾಲ್ವರೂ ಒಂದೇ ಉತ್ತರ ತಂದಾಗ ಅವರ ಕೈ ತಮ್ಮ ಕಿವಿಗೇ ಹೋಯಿತು. ಹಳೆಯ ಡುಮ್ಕಿ ನೆನಪಾಯಿತು. "ಇರಲಿ, ನಾಳೆ ನೋಡೋಣ" ಎಂದು ಹಾಳೆಗಳನ್ನು ಮಡಿಸಿಕೊಂಡು ಮನೆಗೆ ಬಂದು, ಪುಸ್ತಕ ತೆಗೆದು, ಎರಡು ಸಲ ಬೀಜಗಣಿತದಿಂದ ಬಿಡಿಸಿ, ಒಂದು ಸಲ ತಾವೇ ಗ್ರಾಫು ಎಳೆದರು. ಪ್ಲಸ್ ಎರಡು, ಪ್ಲಸ್ ಮೂರು. ಆಮೇಲೆ ಹುಡುಗರ ಹಾಳೆ ಪಕ್ಕದಲ್ಲಿಟ್ಟು ನೋಡಿದಾಗ ಗೊತ್ತಾಯಿತು: ಗೆರೆ ಸರಿಯಾಗಿಯೇ ಇದೆ, ಬಲಗಡೆ ಇರಬೇಕಾದದ್ದು ಎಡಗಡೆ ಇದೆ. ಒಂದು, ಎರಡು, ಮೂರು ಎಂದು ಎಣಿಸಿ ಇಟ್ಟ ಚುಕ್ಕಿಗಳು ನಡುವಿನಿಂದ ಎಡಕ್ಕೆ ನಡೆದುಹೋಗಿದ್ದವು. ಹಿಂದಿನ ವಾರದ ಎರಡು ತೊಟ್ಟಿಲುಗಳೂ ಎಡಬಲ ಎರಡೂ ಕಡೆ ಒಂದೇ ಸಮನಾಗಿದ್ದದ್ದರಿಂದ ತಪ್ಪು ಕಾಣಿಸಿರಲಿಲ್ಲ. ಕಡಲೆಪುರಿ ದಂಡವಾಗಿತ್ತು.

ಮಾರನೆಯ ದಿನ ಮೊದಲು ಚಿಕ್ಕಬೀರಪ್ಪನನ್ನು ಎಬ್ಬಿಸಿದರು.

"ಪ್ಲಸ್ಸು ಯಾವ ಕಡೆಯೋ?"

"ಬಲಗಡೆ ಸಾ."

"ಮತ್ತೆ ನಿನ್ನ ಹಾಳೇಲಿ ಎಡಗಡೆ ಯಾಕಿದೆ?"

ಚಿಕ್ಕಬೀರಪ್ಪ ಹಾಳೆ ನೋಡಿದ. ಅದನ್ನು ಈಗಲೇ ಮೊದಲ ಸಲ ನೋಡುತ್ತಿದ್ದಾನೆಂಬುದು ಮುಖದಲ್ಲೇ ಇತ್ತು. "ರಾಮಾಂಜಿ ಹಂಗ್ ಹಾಕ್ದ ಸಾ."

"ಅವನು ಬಾವಿಗೆ ಬಿದ್ರೆ?"

"ಅವನಿಗೆ ಈಜು ಬತ್ತದೆ ಸಾ."

ಉಳಿದಿಬ್ಬರನ್ನು ಕೇಳುವ ಅಗತ್ಯವಿರಲಿಲ್ಲ. ಮುನಿರಾಮಯ್ಯ ರಾಮಾಂಜಿನಪ್ಪನ ಕಡೆ ತಿರುಗಿದರು. ಹುಡುಗನ ಮುಖ ಕಪ್ಪಿಟ್ಟಿತ್ತು.

"ಗೊತ್ತು ಸಾ, ಬಲಗಡೆ ಅಂತ. ಪುಸ್ತಕ ನೋಡಿ ಬರೆದ್ರೆ ಸರಿ ಬರ್ತದೆ. ನಾನೇ ಲೆಕ್ಕ ಹಾಕ್ಕೊಂಡು ಚುಕ್ಕಿ ಇಡಕ್ಕೆ ಹೋದ್ರೆ ಕೈ ಆ ಕಡೆ ಹೋಗಿಬಿಡ್ತದೆ."

"ಕೈ ಯಾಕೆ ಹೋಗುತ್ತೆ?"

"ಗೊತ್ತಿಲ್ಲ ಸಾ."

ಮೇಷ್ಟ್ರು ತಮ್ಮದೇ ಔಷಧಿ ಕೊಟ್ಟು ನೋಡಿದರು. ಯಾವ ಕಡೆ ಹಾಕಬೇಕೆನ್ನಿಸುತ್ತದೋ ಅದರ ತಿರುವುಮುರುವು ಹಾಕು ಎಂದರು. ಹುಡುಗ ಒಂದು ಸಲ ತಿರುಗಿಸಿದ, ತಿರುಗಿಸಿದೆನೋ ಇಲ್ಲವೋ ಎಂಬ ಅನುಮಾನಕ್ಕೆ ಇನ್ನೊಂದು ಸಲ ತಿರುಗಿಸಿದ, ಹೊರಟ ಜಾಗಕ್ಕೇ ಬಂದು ನಿಂತ. ಮೂರು ದಿನದಲ್ಲಿ ಆ ಔಷಧಿ ಗ್ರಾಫನ್ನು ದಾಟಿ ಬೀಜಗಣಿತಕ್ಕೂ ಇಳಿಯಿತು. ಅಲ್ಲಿಯವರೆಗೆ ಸರಿ ಬರುತ್ತಿದ್ದ ಪ್ಲಸ್ಸುಗಳನ್ನೂ ಮೈನಸ್ಸು ಮಾಡತೊಡಗಿದ. ಗಡಿಯಾರ ಇಟ್ಟು ಐದು ಸಲ ಪರೀಕ್ಷೆ ಮಾಡಿದರೆ ಮೂರು ಸಲ ಗ್ರಾಫು ತಿರುಗಿಕೊಂಡಿತು. ಇಪ್ಪತ್ತೈದು ಮಾರ್ಕಿನ ಹುಡುಗ ಹತ್ತೊಂಬತ್ತಕ್ಕೆ ಇಳಿದ. ಪರೀಕ್ಷೆಗೆ ಉಳಿದದ್ದು ಹದಿನೆಂಟು ದಿನ.

ಭಾನುವಾರ ಬೆಳಿಗ್ಗೆ ಮುನಿರಾಮಯ್ಯ ಛತ್ರಿ ಹಿಡಿದು ನೇಕಾರರ ಬೀದಿಗೆ ಹೊರಟರು. ಮನೆಮನೆಯಿಂದಲೂ ಮಗ್ಗದ ಸದ್ದು. ಮೊದಲೆಲ್ಲ ಈ ಬೀದಿಯಲ್ಲಿ ಕೂಗಿ ಮಾತಾಡಬೇಕಾಗಿತ್ತು. ಈಗ ನೂಲಿಲ್ಲದೆ ಅರ್ಧ ಮಗ್ಗ ಸುಮ್ಮನಿದ್ದದ್ದರಿಂದ ಸಾಧಾರಣ ದನಿಯೇ ಸಾಕಾಗುತ್ತಿತ್ತು.

ಅಪ್ಪಯ್ಯಣ್ಣ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದ. ಮೇಷ್ಟ್ರನ್ನು ಕಂಡು ಏಳಲು ಹೋದ.

"ಕೂತ್ಕೊಳಯ್ಯ, ಏಳಬೇಡ."

"ಬನ್ನಿ ಸ್ವಾಮಿ, ಬನ್ನಿ. ಏಯ್, ಚಾಪೆ ಹಾಕು. ಮೇಷ್ಟ್ರು ಬಂದವ್ರೆ ಅಂದ್ರೆ ಹುಡುಗ ಏನೋ ಮಾಡವ್ನೆ."

ಒಳಗಿನಿಂದ ಅವನ ಹೆಂಡತಿ ಅಕ್ಕಯ್ಯಮ್ಮ ಮಜ್ಜಿಗೆ ತಂದಿಟ್ಟು, ಬಾಗಿಲಿಗೆ ಒರಗಿ ನಿಂತಳು. "ಪಾಸಾಯ್ತಾನಾ ಸ್ವಾಮಿ?" ಎಂದು ನೇರವಾಗಿ ಕೇಳಿದವಳು ಅವಳು.

ಮುನಿರಾಮಯ್ಯ ಮಜ್ಜಿಗೆ ಕುಡಿದರು. ಕುಡಿಯುತ್ತಿರುವಾಗ ಉತ್ತರ ಹೇಳಬೇಕಾಗಿಲ್ಲ. ಲೋಟದ ಅಂಚಿನ ಮೇಲಿಂದ ನೋಡುತ್ತಿದ್ದಂತೆ, ಅಪ್ಪಯ್ಯಣ್ಣ ನೇಯುವುದನ್ನು ನಿಲ್ಲಿಸಿ, ಪಕ್ಕದಲ್ಲಿದ್ದ ಅಂಗೈಯಗಲದ ಕನ್ನಡಿಯೊಂದನ್ನು ತೆಗೆದು ಬಟ್ಟೆಯ ಕೆಳಗೆ ತೂರಿಸಿ ಬಗ್ಗಿ ನೋಡಿದ.

"ಅದೇನಯ್ಯ, ಸೀರೆಗೂ ಮುಖ ತೋರಿಸ್ತೀಯ?"

"ಮುಖ ಇರೋದೇ ಕೆಳಗೆ ಸ್ವಾಮಿ. ನಾವು ನೇಯೋವಾಗ ನಮ್ಮ ಕಣ್ಣಿಗೆ ಬೀಳೋದು ಸೀರೆ ಬೆನ್ನು. ಮುಖ ನೆಲ ನೋಡ್ತಿರ್ತದೆ, ಅದಕ್ಕೆ ಧೂಳು ಕೂರಬಾರದು, ಬೆವರು ಬೀಳಬಾರದು. ಸರಿಯಾಗಿ ಬಂದೈತಾ ಅಂತ ಆಗಾಗ ಕನ್ನಡೀಲಿ ನೋಡ್ಕೋತೀವಿ."

ಮುನಿರಾಮಯ್ಯ ಲೋಟ ಕೆಳಗಿಟ್ಟರು. "ಹಾಗಾದ್ರೆ ಸೀರೇಲಿ ಗಿಳಿ ಬಲಕ್ಕೆ ನೋಡಬೇಕು ಅಂದ್ರೆ?"

"ನಾವು ಹಾಳೇಲಿ ಎಡಕ್ಕೆ ಬರೀತೀವಿ. ಬೆನ್ನಿಂದ ಕಾಣೋ ಹಂಗೆ."

"ಆ ಹಾಳೆ ಯಾರು ಬರೀತಿದ್ರು?"

"ಮೊದಲು ನಾನು. ಕಣ್ಣು ಮಂಜಾದ ಮೇಲೆ ನಮ್ಮ ರಾಮಾಂಜಿ. ಎಂಟು ವರ್ಷದವನಿದ್ದಾಗಿಂದ ಅವನೇ. ನಾನು ಕೂತ್ಕಂಡು 'ಬಲಕ್ಕೆ ಮೂರು, ಮೇಲಕ್ಕೆ ಎರಡು' ಅಂತ ಹೇಳ್ತಿದ್ದೆ, ಅವನು ಎಡಕ್ಕೆ ಮೂರು ಮನೆ ಎಣಿಸಿ ಚುಕ್ಕಿ ಇಡ್ತಿದ್ದ. ಒಂದು ದಿವಸಾನೂ ತಪ್ಪಲಿಲ್ಲ ಸ್ವಾಮಿ, ಈ ಬೀದೀಲಿ ಕೇಳಿ ಯಾರನ್ನ ಬೇಕಾದ್ರೂ."

ಮುನಿರಾಮಯ್ಯ ಜೇಬಿನಿಂದ ಹುಡುಗನ ಗ್ರಾಫು ತೆಗೆದು ಚಾಪೆಯ ಮೇಲೆ ಹರಡಿದರು. ತಪ್ಪು ಯಾವುದು, ಯಾಕೆ ಅದರಿಂದ ಹನ್ನೆರಡು ಮಾರ್ಕು ಹೋಗುತ್ತದೆ, ಹನ್ನೆರಡು ಹೋದರೆ ಇನ್ನೇನು ಹೋಗುತ್ತದೆ ಎಂದು ವಿವರಿಸಿದರು. ಕೊನೆಯದನ್ನು ಹೇಳುವಾಗ ಖಾಲಿ ಮಗ್ಗದ ಕಡೆ ನೋಡದಿರಲು ಪ್ರಯತ್ನಪಟ್ಟರು. ಅಕ್ಕಯ್ಯಮ್ಮ ನೋಡಿದಳು. ಗೋಡೆಯ ಪಕ್ಕ ನಿಂತಿದ್ದ ರಾಮಾಂಜಿನಪ್ಪ ತಲೆ ತಗ್ಗಿಸಿದ್ದ.

"ಎಂಟೊಂಬತ್ತು ವರ್ಷದ ಅಭ್ಯಾಸ ಹದಿನೆಂಟು ದಿನದಲ್ಲಿ ತಿರುಗಿಸಬೇಕು ಕಣಯ್ಯ. ತಿರುಗಿಸೋಕೆ ಹೋದ್ರೆ ಬೇರೆ ಲೆಕ್ಕಾನೂ ಕೆಡ್ತಾ ಇದೆ. ಏನು ಮಾಡೋದೋ ನನಗೆ ತೋಚ್ತಿಲ್ಲ."

ಅಪ್ಪಯ್ಯಣ್ಣ ಗುಂಡಿಯಿಂದ ಎದ್ದು ಬಂದು, ಹಾಳೆಯನ್ನು ಕೈಗೆತ್ತಿಕೊಂಡು, ದೂರ ಹಿಡಿದು ನೋಡಿದ. ಸಮೀಕರಣ ಅವನಿಗೆ ತಿಳಿಯದು. ಗೆರೆ ಎತ್ತ ತಿರುಗಿದೆಯೆಂಬುದು ಚೆನ್ನಾಗಿ ತಿಳಿಯಿತು. ಹಾಳೆಯ ಬೆನ್ನು ಮೇಲೆ ಮಾಡಿ ಬೆಳಕಿಂಡಿಯ ಕಡೆ ಹಿಡಿದ. ಬೆಳಕಿಗೆ ಗೆರೆ ಹಿಂದಿನಿಂದ ಮೂಡಿ ನಿಂತಿತು, ಬಲಗಡೆ, ಎರಡು ಮತ್ತು ಮೂರನ್ನು ಮುಟ್ಟಿಕೊಂಡು.

"ಹುಡುಗನ್ನ ಯಾಕೆ ತಿರುಗಿಸ್ತೀರಿ ಸ್ವಾಮಿ? ಹಾಳೆ ತಿರುಗಿಸಿ."

ಮುನಿರಾಮಯ್ಯ ಬಿ.ಎ. ಪಾಸು ಮಾಡಿದವರು. ಅದನ್ನು ಆ ಕ್ಷಣದಲ್ಲಿ ಯಾರೂ ನೆನಪಿಸಬಾರದಿತ್ತು, ಆದರೆ ಅಕ್ಕಯ್ಯಮ್ಮ, "ಅವರಿಗೆ ಗೊತ್ತಿಲ್ದೇ ಇರ್ತದಾ, ಓದಿದವರು" ಎಂದು ಗಂಡನನ್ನು ಗದರಿಸಿದಳು.

ಉಪಾಯ ಹೀಗಿತ್ತು. ಹಾಳೆಯನ್ನು ಮುಖ ಕೆಳಗೆ ಮಾಡಿ, ಮಗ್ಗದಲ್ಲಿ ಬಟ್ಟೆ ಇರುವ ಹಾಗೆ ಇಡುವುದು. ಯುದ್ಧಕಾಲದ ಕಾಗದ ತೆಳು, ಚೌಕಗಳು ಹಿಂದಿನಿಂದಲೂ ಕಾಣುತ್ತವೆ. ಹುಡುಗನ ಕೈ ಎತ್ತ ಹೋಗುತ್ತದೋ ಅತ್ತಲೇ ಹೋಗಲಿ. ಚುಕ್ಕಿಯ ಬದಲು ಕಾಂಪಾಸಿನ ಮೊನೆಯಿಂದ ಸಣ್ಣ ತೂತು. ಎಲ್ಲ ತೂತೂ ಆದ ಮೇಲೆ ಹಾಳೆ ಮಗುಚಿ, ಮುಖದ ಮೇಲೆ ತೂತುಗಳನ್ನು ಪೆನ್ಸಿಲ್ಲಿನಿಂದ ಸೇರಿಸುವುದು. ಅಂಕಿಗಳನ್ನು ಆಮೇಲೆ ಬರೆಯುವುದು.

ಅಲ್ಲೇ ಚಾಪೆಯ ಮೇಲೆ ಮಾಡಿಸಿ ನೋಡಿದರು. ಸರಿ ಬಂತು. ಇನ್ನೊಂದು ಕೊಟ್ಟರು. ಸರಿ ಬಂತು. ಮೂರನೆಯದನ್ನು ಮೇಷ್ಟ್ರು ಕೊಡುವ ಮೊದಲೇ ಅಪ್ಪಯ್ಯಣ್ಣ ಮಗ್ಗಕ್ಕೆ ಹೋಗಿ ಕೂತಿದ್ದ. ಅವನಿಗೆ ಆ ವಿಷಯ ಅಲ್ಲಿಗೆ ಮುಗಿದಿತ್ತು.

ಮುಂದಿನ ಎರಡು ವಾರ ರಾಮಾಂಜಿನಪ್ಪ ಹಾಳೆಗೆ ತೂತು ಹೊಡೆಯುತ್ತಾ ಹೋದ. ಕೈಯ ಮೇಲಿನ ಅನುಮಾನ ಹೋದಂತೆ ಬೀಜಗಣಿತದ ಪ್ಲಸ್ಸು ಮೈನಸ್ಸುಗಳೂ ಒಂದೊಂದಾಗಿ ತಮ್ಮ ತಮ್ಮ ಜಾಗಕ್ಕೆ ಮರಳಿದವು. ಮಾರ್ಕು ಇಪ್ಪತ್ತೊಂದಾಯಿತು, ಇಪ್ಪತ್ತಮೂರಾಯಿತು. ಇದನ್ನು ನೋಡಿ ಚಿಕ್ಕಬೀರಪ್ಪನೂ ಹಾಳೆ ಮಗುಚಿ ತೂತು ಹೊಡೆಯತೊಡಗಿದ. ಅವನ ಕೈಗೆ ಯಾವ ಮಗ್ಗದ ಅಭ್ಯಾಸವೂ ಇಲ್ಲದ್ದರಿಂದ ಅವನ ಗ್ರಾಫು ಈಗ ಸ್ವಂತ ಶಕ್ತಿಯಿಂದಲೇ ತಿರುಗಿಕೊಂಡಿತು.

"ನಿನಗ್ಯಾಕೋ ತೂತು? ನಿಮ್ಮಪ್ಪ ನೇಯ್ತಾನೇನೋ?"

"ಇಲ್ಲ ಸಾ, ರಾಗಿ ಬೆಳೀತೀವಿ."

"ಹಾಗಾದ್ರೆ ನೆಟ್ಟಗೆ ಇಟ್ಕೊಂಡು ಬರಿಯೋ!"

"ಅಂಗಾರೆ ಒಂದೇ ಕ್ಲಾಸಿಗೆ ಎರಡು ಗಣಿತ ಆಯ್ತಲ್ಲ ಸಾ" ಎಂದ ಚಿಕ್ಕಬೀರಪ್ಪ. ಆ ವರ್ಷ ಅವನು ಆಡಿದ ಮಾತುಗಳಲ್ಲಿ ಯೋಚನೆ ಮಾಡಿ ಆಡಿದ್ದು ಅದೊಂದೇ.

ಪರೀಕ್ಷೆ ಬೆಂಗಳೂರಿನಲ್ಲಿ. ಪೆಟ್ರೋಲಿಲ್ಲದೆ ಇದ್ದಿಲಿನಿಂದ ಓಡುತ್ತಿದ್ದ ಬಸ್ಸು ಏರಿನಲ್ಲಿ ಎರಡು ಕಡೆ ನಿಂತು, ನಾಲ್ವರು ಹುಡುಗರೂ ಒಬ್ಬ ಮೇಷ್ಟ್ರೂ ಇಳಿದು ತಳ್ಳಿ, ಅಂತೂ ಹೊತ್ತಿಗೆ ಸರಿಯಾಗಿ ತಲುಪಿದರು. ಮುನಿರಾಮಯ್ಯ ಗೇಟಿನ ಹೊರಗೆ ಒಂದು ಹೊಂಗೆ ಮರದ ಕೆಳಗೆ ಕೂತರು. ಓದಲೆಂದು ತಂದಿದ್ದ ಇತಿಹಾಸದ ಪುಸ್ತಕವನ್ನು ಬಿಡಿಸಿದರು. ಮೂರು ಗಂಟೆಯಲ್ಲಿ ಒಂದೇ ಪುಟ ಓದಿದರು. ಯಾವ ಯುದ್ಧದ್ದೋ ತಿಳಿಯಲಿಲ್ಲ.

ಗಂಟೆ ಹೊಡೆಯಿತು. ಮೊದಲು ಬಂದವನು ಚಿಕ್ಕಬೀರಪ್ಪ, ಎಲ್ಲ ಮುಗಿದ ಸಮಾಧಾನದಲ್ಲಿ. ಶಾನುಭೋಗರ ಮಗ, ಗುಮಾಸ್ತರ ಮಗ ಬಂದರು. ರಾಮಾಂಜಿನಪ್ಪ ಬರಲಿಲ್ಲ.

"ಎಲ್ಲೋ ಅವನು?"

"ಹಿಡ್ಕಂಡವ್ರೆ ಸಾ" ಎಂದ ಚಿಕ್ಕಬೀರಪ್ಪ.

ಮುನಿರಾಮಯ್ಯ ಗೇಟಿನವರೆಗೆ ಓಡಿದರು. ಗೇಟಿನ ಒಳಗೆ ಹೊರಗಿನವರು ಹೋಗುವಂತಿರಲಿಲ್ಲ. ಛತ್ರಿಯನ್ನು ಬಿಚ್ಚಿದರು, ಮುಚ್ಚಿದರು. ಹತ್ತು ನಿಮಿಷದ ಮೇಲೆ ಹುಡುಗ ಬಂದ, ಜೊತೆಯಲ್ಲಿ ಜರಿಪೇಟದ ಸೂಪರ್‌ವೈಸರೊಬ್ಬರು.

"ನಿಮ್ಮ ಹುಡುಗನೇನ್ರೀ ಇವನು? ಸರ್ಕಾರಿ ಕಾಗದಕ್ಕೆ ತೂತು ಹೊಡೀತಾನಲ್ರೀ!"

"ಅದು ಅವನ ಪದ್ಧತಿ ಸ್ವಾಮಿ."

"ಅದೇನೋ ಗುರುತು ಮಾಡಿ ಪರೀಕ್ಷಕರಿಗೆ ಸನ್ನೆ ಕಳಿಸ್ತಿದ್ದಾನೆ ಅಂತ ಹಿಡಿದೆ. ಇನ್ನೊಂದು ಹಾಳೆ ಕೊಟ್ಟು, ನನ್ನ ಮುಂದೆ ಇನ್ನೊಂದು ಸಲ ಮಾಡಿ ತೋರಿಸು ಅಂದೆ. ಮಾಡಿದ. ಎರಡು ಹಾಳೇನೂ ಒಂದರ ಮೇಲೊಂದು ಇಟ್ಟು ಬೆಳಕಿಗೆ ಹಿಡಿದ್ರೆ, ಏಳು ತೂತಿಗೆ ಏಳು ತೂತೂ ಸರಿ ಕೂತ್ಕೊಂಡ್ವು." ಅವರ ದನಿಯಲ್ಲಿ ಸಿಟ್ಟು ಆಗಲೇ ಮುಗಿದಿತ್ತು. "ಮೂವತ್ತು ವರ್ಷದಿಂದ ಹಾಲ್ ಕಾಯ್ತಿದ್ದೀನಿ, ಬೆನ್ನಿಂದ ಗ್ರಾಫ್ ಬರೆಯೋನನ್ನ ನೋಡಿರಲಿಲ್ಲ. ಉತ್ತರಪತ್ರಿಕೆ ಕಟ್ಟಿಗೆ ಸೇರಿಸಿದ್ದೀನಿ, ಹೋಗಿ."

ಸೂಪರ್‌ವೈಸರು ಹೋದ ಮೇಲೆ ಮೇಷ್ಟ್ರು ಕೇಳಿದರು. "ಯಾವುದೋ ಬಂದಿತ್ತು?"

"ಎಕ್ಸ್ ವರ್ಗ, ಮೈನಸ್ ಎರಡು ಎಕ್ಸ್, ಮೈನಸ್ ಮೂರು ಸಾ."

"ಎಲ್ಲಿ ಮುಟ್ತು?"

"ಮೈನಸ್ ಒಂದು. ಆಮೇಲೆ ಮೂರು."

ಮುನಿರಾಮಯ್ಯ ಮನಸ್ಸಿನಲ್ಲಿ ಬಿಡಿಸಿ ನೋಡಿದರು. ಇನ್ನೊಂದು ಸಲ ಬಿಡಿಸಿದರು. ಚಿಕ್ಕಬೀರಪ್ಪ ಪಕ್ಕದಲ್ಲಿ ನಿಂತು ಕೇಳುತ್ತಿದ್ದವನು, "ನಂದು ಎಲ್ಲೂ ಮುಟ್ಟಲಿಲ್ಲ ಸಾ" ಎಂದ.

ಫಲಿತಾಂಶ ಜೂನ್ ಮೊದಲ ವಾರ ಬಂತು. ಆಪ್ಷನಲ್ ಗಣಿತದಲ್ಲಿ ಮೂವರು ಫೇಲಾದರು. ರಾಮಾಂಜಿನಪ್ಪನಿಗೆ ಮೂವತ್ತಾರು ಬಂದು ಅವನು ಪಾಸಾದ. ಅಪ್ಪಯ್ಯಣ್ಣ ಎರಡನೆಯ ಮಗ್ಗಕ್ಕೆ ತನ್ನ ಷಡ್ಡಕನನ್ನು ಕೂರಿಸಿಕೊಂಡ.